ಸುನಂದಾಗೆ ರಾತ್ರಿಗೇನು ಮಾಡಲಿ

ಹಳಿಯಾಳ ತಾಲೂಕು
ಗುರುವಾರ, 18 ಸೆಪ್ಟೆಂಬರ್ 2025

ಬೀಗತಿ ಶಿವವ್ವಕ್ಕನವರಿಗೆ ಖತೀಜಾಬಿ ಮಾಡುವ ಸಲಾಮು.

ನಿಮ್ಮ ಮೊಣಕಾಲು ಈಗ ಹೇಗಿದೆ? ನಿಮ್ಮ ಯಜಮಾನರು ಅಂದಾನೆಪ್ಪಣ್ಣನವರ ಬಿ.ಪಿ. ಹತೋಟಿಯಲ್ಲಿದೆಯೇ? ನಿಮ್ಮ ಮಗ ರುದ್ರೇಶನ ಸಣ್ಣ ಮಗಳಿಗೆ ಮಳೆಗಾಲ ಬಂತೆಂದರೆ ಕೆಮ್ಮು ಹಿಡಿಯುತ್ತಿತ್ತಂತೆ, ಈ ವರ್ಷ ಕಡಿಮೆಯೋ? ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ನಿಮ್ಮ ಸುನಂದಾ ಕಾಯಿಪಲ್ಲೆ ಹೆಚ್ಚುತ್ತ ಕೂತರೆ ನಿಮ್ಮ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಮಾತಿಗೆ ಎಳೆದು ತರುತ್ತಾಳೆ.

ಬೀಗತಿ ಎಂದು ಕರೆದದ್ದು ಮನಸ್ಸಿಗೆ ಬಾರದಿದ್ದರೆ ಆ ಒಂದು ಮಾತನ್ನು ಬಿಟ್ಟು ಮುಂದೆ ಓದಿ. ಅಕ್ಷರವೂ ಚಂದವಿಲ್ಲ. ನಾನು ಶಾಲೆ ಕಂಡವಳಲ್ಲ. ಮಗ ರಿಯಾಜ ಒಂದನೆಯ ಇಯತ್ತೆಯಲ್ಲಿದ್ದಾಗ ಅವನ ಪಾಟಿಯ ಮೇಲೆಯೇ ಕಲಿತದ್ದು. ಮೊದಲು ಫೋನು ಮಾಡಿದ್ದೆ. ನಿಮ್ಮ ಕಡೆ ರೇಂಜ್ ಇರಲಿಲ್ಲವೆಂದು ಕಾಣುತ್ತದೆ. ಅದಕ್ಕೇ ಈ ಕಾಗದ.

ಸುನಂದಾ ಬಸುರಿ ಅಕ್ಕಾ. ಐದನೆಯ ತಿಂಗಳು ನಡೆದಿದೆ. ಮುಂಡಗೋಡದ ಸಂತೆಗೆ ಬರುವವರ ಬಾಯಿಂದ ಸುದ್ದಿ ನಿಮಗೆ ಮುಟ್ಟಿದ್ದರೂ ಮುಟ್ಟಿರಬಹುದು. ವಾಂತಿ ನಿಂತಿದೆ, ಆದರೆ ಊಟ ಸೇರುವುದಿಲ್ಲ. ಹೋದ ತಿಂಗಳು ತೂಕ ಏರಲಿಲ್ಲ, ಈ ತಿಂಗಳು ಇಳಿದಿದೆ. ತಪಾಸಣೆಗೆ ಹೋದಾಗ ನರ್ಸಬಾಯಿ ಅವಳನ್ನು ಬಿಟ್ಟು ನನ್ನ ಮುಖ ನೋಡಿದಳು. "ಏನ್ರಿ, ಮನ್ಯಾಗ ಈಕಿಗೆ ಊಟಕ್ಕ ಹಾಕ್ತೀರೋ ಇಲ್ಲೋ? ಹಿಂಗ ಆದರ ಕೂಸಿನ ಗತಿ ಏನು?" ಅಂದಳು. ಎದುರಿಗೆ ಸಾಲಿನಲ್ಲಿ ಕೂತವರೆಲ್ಲ ನನ್ನ ಕಡೆ ತಿರುಗಿದರು.

ರಿಯಾಜ, ಸುನಂದಾ ಇಬ್ಬರೂ ರಿಜಿಸ್ಟರ್ ಮದುವೆಯಾಗಿ ಬಂದು ನಮ್ಮ ಬಾಗಿಲಲ್ಲಿ ನಿಂತ ದಿನ ನನಗೂ ಕೈಕಾಲು ಆಡಿರಲಿಲ್ಲ. ಆವತ್ತಿನಿಂದ ನೀವು ಅವಳೊಡನೆ ಮಾತಾಡಿಲ್ಲ. ನಿಮ್ಮ ಸಿಟ್ಟಿಗೆ ನಾನು ಉತ್ತರ ಕೊಡಲು ಕೂತಿಲ್ಲ. ಮಗಳು ಹೇಳದೆ ಹೋಗಿದ್ದರೆ ನನಗೂ ಬರುತ್ತಿತ್ತು. ಈಗ ನಾನು ಕೇಳುವುದು ಬರೀ ಅಡುಗೆಯ ಮಾತು.

ನನಗೆ ದಣಿವಾಗಿದೆ ಅಕ್ಕಾ. ಗದ್ದೆಯ ಕಳೆ ಕಿತ್ತ ದಣಿವು ಮಲಗಿದರೆ ಹೋಗುತ್ತದೆ. ಬೇಯಿಸಿದ್ದು ಬೇಯಿಸಿದ ಹಾಗೇ ತಟ್ಟೆಯಲ್ಲಿ ಉಳಿಯುವುದನ್ನು ದಿನಾ ನೋಡುವ ದಣಿವು ಹೋಗುವುದಿಲ್ಲ. ಹೊತ್ತು ಇಳಿಯಿತೆಂದರೆ ಎದೆಯಲ್ಲಿ ಒಂದೇ ಚಿಂತೆ, ಇವಳಿಗೆ ರಾತ್ರಿಗೇನು ಮಾಡಲಿ?

ನಮ್ಮ ಸಿದ್ದಿ ಕೇರಿಯ ಹೆಂಗಸರು ಸಂಜೆ ಬೋರಿನ ಹತ್ತಿರ ಸೇರಿದಾಗ ಈಗ ಇದೇ ಮಾತು. ಪಾವ್ಲುವಿನ ಹೆಂಡತಿ ನೀಲಂ ಹೇಳಿದಳು, "ಖತೀಜಾ ಮಾವಶಿ, ಗಂಜಿ ಮಾಡಿ ಒಂದು ಒಣಮೀನಾ ಸುಟ್ಟು ಇಡು. ನಮ್ಮ ಮನ್ಯಾಗ ಸಾಯೂಹಂತಾವರೂ ಎದ್ದು ಕುಂತಾರ." ನಿಮ್ಮ ಮಗಳಿಗೆ ಮೀನಿನ ವಾಸನೆ ಆಗುವುದಿಲ್ಲವೆಂದು ಆ ಮಾತು ಬಿಟ್ಟೆವು. ಕಳಲೆಯ ಪಲ್ಯ ಮಾಡಿದೆ, ಬಸುರಿಗೆ ಅದು ಉಷ್ಣ ಎಂದು ಇನ್ನೊಬ್ಬಳು ಬೈದಳು. ಹಲಸಿನ ಬೀಜ ಬೇಯಿಸಿ ಹುಳಿ ಹಾಕಿ ಸಾರು ಮಾಡಿದೆ. ಕೆಸುವಿನ ಸೊಪ್ಪು ಮಾಡಿದೆ. ಮೆತ್ತಗೆ ಅನ್ನ ಮಾಡಿ ಹಾಲು ಬೆಲ್ಲ ಕಲಸಿ ಕೊಟ್ಟೆ. ಒಂದೊಂದು ಮನೆಯಿಂದ ಒಂದೊಂದು ಬಟ್ಟಲು ಬಂತು. ಎಲ್ಲದಕ್ಕೂ ಅವಳದು ಒಂದೇ ಮಾತು: "ಅತ್ತೀ, ಚಲೋ ಆಗೇತಿ. ಹೊಟ್ಟಿ ತುಂಬೇತ್ರಿ." ತಿಂದದ್ದು ಎರಡು ತುತ್ತು. ಬೈದರೆ ಇನ್ನೊಂದು ತುತ್ತು, ಅದೂ ನನ್ನ ಸಲುವಾಗಿ.

ನಮ್ಮ ಮನೆಯಲ್ಲಿ ಮೀನು ಮಾಂಸ ಬೇಯದೆ ನಾಲ್ಕು ತಿಂಗಳಾಯಿತು. ಅವಳ ಅಡುಗೆಗೆಂದು ಹೊಸ ಪಾತ್ರೆ, ಹೊಸ ಸೌಟು ಬೇರೆ ಇಟ್ಟಿದ್ದೇನೆ. ರಿಯಾಜ ತಮ್ಮ ಇರ್ಫಾನನ ಮನೆಗೆ ಹೋಗಿ ಬಂಗಡೆ ತಿಂದು, ಬೇವಿನಕಡ್ಡಿ ಜಗಿದು ಬಾಯಿ ತೊಳೆದುಕೊಂಡು ಬರುತ್ತಾನೆ. "ಅಮ್ಮಾ, ಬಸುರಿ ಆಕಿ, ಪಥ್ಯ ನನಗ" ಅನ್ನುತ್ತಾನೆ. ಅದನ್ನು ಕೇಳಿದಾಗ ಮಾತ್ರ ಸುನಂದಾ ನಗುತ್ತಾಳೆ.

ಒಂದು ದಿನ ನೀಲಂ ಅವಳ ತಲೆ ಬಾಚುತ್ತ ಕೇಳಿದಳಂತೆ, "ಖರೇ ಹೇಳವಾ, ಏನು ತಿನ್ನಬೇಕು ಅನಸತೈತಿ? ಮಂದಿಗೆ ಹೇಳೂದಿಲ್ಲ." ಸುನಂದಾ, "ನಮ್ಮವ್ವ ಮಾಡೂ ಜೋಳದ ನುಚ್ಚು. ಬಿಸೀದು. ಮ್ಯಾಲೆ ತಣ್ಣನ ಮಜ್ಜಿಗಿ" ಅಂದಳಂತೆ. ಮಂದಿಗೆ ಹೇಳುವುದಿಲ್ಲ ಅಂದ ನೀಲಂ ಒಲೆ ಹೊತ್ತಿಸುವುದರೊಳಗೆ ಓಡಿ ಬಂದು ನನಗೆ ಹೇಳಿದಳು.

ನಮ್ಮದು ಅಕ್ಕಿಯ ಮನೆ ಅಕ್ಕಾ. ಜೋಳ ಬೇಯಿಸಿದವರು ನಮ್ಮ ಪೈಕಿ ಯಾರೂ ಇಲ್ಲ. ಹಳಿಯಾಳದಿಂದ ಬಿಳಿಜೋಳ ತಂದು ಗಿರಣಿಯಲ್ಲಿ ಒಡೆಸಿದೆ. ಜರಡಿ ಹಿಡಿದು ಹಿಟ್ಟು ಬೇರೆ ಮಾಡಬೇಕೆಂದು ಯಾರಿಗೆ ಗೊತ್ತು? ಗಂಜಿಗೆ ಅಕ್ಕಿ ಸುರಿದ ಹಾಗೆ ತಣ್ಣೀರಿಗೆ ಎಲ್ಲವನ್ನೂ ಸುರಿದು ಒಲೆಗೆ ಇಟ್ಟೆ. ಅದು ನುಚ್ಚಾಗಲಿಲ್ಲ, ಅಂಟಾಯಿತು. ನೀಲಂ ಸೌಟು ಎತ್ತಿ ನೋಡಿ, "ಇಡು ಮಾವಶಿ, ಎಲೆಕ್ಷನ್ ಬಂದಾಗ ಪೋಸ್ಟರ್ ಹಚ್ಚಾಕ ಬರತೈತಿ" ಅಂದಳು. ಎಲ್ಲರೂ ನಕ್ಕೆವು. ಸುನಂದಾ ಮಾತ್ರ ನಗದೆ, ಬಟ್ಟಲು ತಗೊಂಡು ಆ ಅಂಟನ್ನೇ ತಿನ್ನಲು ಕೂತಳು. "ಬಿಡವಾ, ಅದು ತಿನ್ನೂಹಂತಾದ್ದಲ್ಲ" ಅಂದರೂ ಬಿಡಲಿಲ್ಲ. ನಾನೇ ಕೈಯಿಂದ ಕಸಿದುಕೊಳ್ಳಬೇಕಾಯಿತು.

ಅದಕ್ಕೇ ಕೇಳುತ್ತಿದ್ದೇನೆ. ಜೋಳ ಎಷ್ಟು ದಪ್ಪ ಒಡೆಸಬೇಕು? ನೀರು ಎಸರು ಬಂದ ಮೇಲೆ ಹಾಕಬೇಕೋ, ಮೊದಲೇ ಹಾಕಬೇಕೋ? ಉಪ್ಪು ಯಾವಾಗ? ಮಜ್ಜಿಗೆಗೆ ಬೆಳ್ಳುಳ್ಳಿ ಜಜ್ಜಿ ಹಾಕುತ್ತೀರೋ, ಬರೀ ಮಜ್ಜಿಗೆಯೋ? ನಾಲ್ಕು ಸಾಲು ಬರೆದರೂ ಸಾಕು. ನಿಮಗೆ ಬರೆಯಲು ಮನಸ್ಸಿಲ್ಲದಿದ್ದರೆ ರುದ್ರೇಶನ ಕೈಯಲ್ಲಿ ಬರೆಸಿ. ಕಾಗದ ನಾನೇ ಓದುತ್ತೇನೆ, ಸುನಂದಾಗೆ ತೋರಿಸು ಅಂದರೆ ಮಾತ್ರ ತೋರಿಸುತ್ತೇನೆ. ಬೇಗ ಬರೆಯಿರಿ. ದಿನ ಹೋದ ಹಾಗೆ ಕೂಸಿಗೂ ಹಸಿವೆ ಹೆಚ್ಚಾಗುತ್ತದೆ.

ಇಂತಿ ನಿಮ್ಮ ದಾರಿ ನೋಡುವ
ಖತೀಜಾಬಿ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಕೇಳಿದ್ದೆಲ್ಲ ನೆಪ ಅಕ್ಕಾ. ನುಚ್ಚು ಮಾಡುವುದನ್ನು ನಾನು ಕಲಿತಾಗಿದೆ. ಹಳಿಯಾಳದಲ್ಲಿ ರೊಟ್ಟಿ ಮಾರುವ ಶಂಕ್ರೆವ್ವ ತನ್ನ ಒಲೆಯ ಮುಂದೆ ಕೂರಿಸಿಕೊಂಡು ಕಲಿಸಿದಳು. ಸೋಮವಾರ ಮಾಡಿದೆ, ಕಾಳು ಕಾಳಾಗಿ ಬಂತು. ಸುನಂದಾ ಬಟ್ಟಲು ಮೂಗಿನ ಹತ್ತಿರ ಹಿಡಿದಳು, ಒಂದು ತುತ್ತು ಬಾಯಿಗಿಟ್ಟಳು, ಎದ್ದು ಹೊರಗೆ ಹೋಗಿ ರಸ್ತೆಯ ಆ ತುದಿ ಈ ತುದಿ ನೋಡಿದಳು. ಒಳಗೆ ಬಂದು, "ಅತ್ತೀ, ನಮ್ಮವ್ವ ಬಂದಾಳೇನ್ರಿ? ಎಲ್ಲಿ ಕುಂತಾಳ?" ಅಂದಳು. ಬಂದಿಲ್ಲ ಎಂದ ಮೇಲೆ ಬಟ್ಟಲು ಮುಟ್ಟಲಿಲ್ಲ.

ಐದನೆಯ ತಿಂಗಳು ಮುಗಿಯುವುದರೊಳಗೆ ತವರಿನವರು ಬುತ್ತಿ ಕಟ್ಟಿಕೊಂಡು ಬಂದು, ಊರಿಗೆ ಹೇಳದೆ, ಬಸುರಿಗೆ ಹಸಿರು ಕುಬಸ ಕೊಟ್ಟು ಉಣಿಸಿ ಹೋಗುವ ಕಳ್ಳ ಕುಬಸ ನಿಮ್ಮಲ್ಲಿ ಉಂಟಂತೆ. ಹೇಗೂ ಸದ್ದಿಲ್ಲದೆ ಮಾಡುವುದು, ನಿಮ್ಮ ಊರಿಗೆ ಗೊತ್ತಾಗುವುದು ಬೇಡ. ನಮ್ಮ ಮನೆಯಲ್ಲಿ ನೀರು ಕುಡಿಯುವುದೂ ಬೇಡ. ಹಳಿಯಾಳದ ಬಸ್ ನಿಲ್ದಾಣಕ್ಕೆ ಬನ್ನಿ, ಅವಳನ್ನು ನಾನು ಕರೆತರುತ್ತೇನೆ. ನೀವು ತಂದದ್ದನ್ನು ನೀವೇ ಕೈಯಾರೆ ಉಣಿಸಿ. ಊಟ ಮುಗಿಯುವವರೆಗೆ ನಾನು ದೂರದ ಬೆಂಚಿನಲ್ಲಿ ಆಚೆ ಮುಖ ಮಾಡಿ ಕೂತಿರುತ್ತೇನೆ. ಯಾವ ದಿನ ಎಂದು ಅಷ್ಟೇ ಬರೆಯಿರಿ.