ಇಲ್ಲದ ಸೂತಕ

ಅರುಣಾ,

ಸೋಮವಾರ ನಿನ್ನ ತಾಯಿ ಲಿಂಗೈಕ್ಯಳಾದಳೆಂದು ಆಸ್ಪತ್ರೆಯಿಂದ ಸುದ್ದಿ ಬಂತು. ನಾನು ವಿಭೂತಿ ಹುಡುಕುತ್ತಿದ್ದೆ. ನೀನು ಹಗರಿಬೊಮ್ಮನಹಳ್ಳಿಯ ಹೊಲಿಗೆ ತರಬೇತಿಯವರಿಗೆ ಫೋನ್ ಮಾಡಿ, "ಮನಿಯಾಗ ಸೂತಕ ಐತ್ರಿ, ನನ್ನ ಮಗಳು ಬರಾಂಗಿಲ್ಲ" ಎಂದೆ. ಲಿಂಗ ಕಟ್ಟಿದವರ ಮನೆಯಲ್ಲಿ ಎಲ್ಲಿಯ ಸೂತಕ? ಬುದ್ಧಿ ನಿಧಾನವೆಂದು ಸುಕನ್ಯಾಳನ್ನು ಮೂಲೆಯಲ್ಲಿ ಕೂಡಿಸಲು ನಿನಗೆ ಹೆತ್ತವಳ ಸಾವೇ ನೆಪವಾಯಿತು.

ಶಾಲೆ ಮುಗಿದ ಮೇಲೆ ಮೂರು ತಿಂಗಳು ಆ ಹುಡುಗಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿಬರುವುದನ್ನು ಕಲಿಸಿದವಳು ನಿನ್ನ ತಾಯಿ. ಮೊದಲು ಪಕ್ಕದಲ್ಲಿ ಕುಳಿತಳು, ಆಮೇಲೆ ಗುರುತಿಲ್ಲದವಳಂತೆ ಹಿಂದಿನ ಸೀಟಿನಲ್ಲಿ. "ಬಸ್ಸಿನ್ಯಾಗ ಅಜ್ಜಿ ಅಂತ ಕರದ್ರ, ಯಾರವ್ವಾ ನೀನು ಅಂತೀನಿ ನೋಡು" ಎಂದು ಅವಳನ್ನು ನಗಿಸುತ್ತಿದ್ದಳು. ಆಗೆಲ್ಲ ನೀನು ಒಂದು ದಿನವೂ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ.

ತರಬೇತಿಗೆ ಸೇರಲು ಇಂದೇ ಕೊನೆಯ ದಿನ. ಎಂಟರ ಬಸ್ಸಿಗೆ ಅವಳು ಹೊರಟಿದ್ದಾಳೆ. ಇವತ್ತು ಹಿಂದೆ ಕೂರುವವನು ನಾನು. ತಡೆಯಲು ಬಂದರೆ ಇನ್ನು ನನ್ನನ್ನು ಅಪ್ಪ ಎನ್ನಬೇಡ.

ಆಕಳಿಗೆ ನೀರಿಡು. ರೊಟ್ಟಿ ಡಬ್ಬಿಯಲ್ಲಿದೆ. ಪಲ್ಯ ನಾವು ಬುತ್ತಿಗೆ ಕಟ್ಟಿಕೊಂಡೆವು, ನಿನಗೆ ಉಳಿಸಿಲ್ಲ. ತಾಯಿಯ ಪಟದ ಮುಂದಿನ ದೀಪಕ್ಕೆ ಎಣ್ಣೆ ಹಾಕು. ಅಷ್ಟಾದರೂ ಮಾಡು.

ಗುರು ಕೊಟ್ಟೂರೇಶ್ವರಾ, ಮೊಮ್ಮಗಳ ಚಿಂತೆಯಲ್ಲೇ ಕಣ್ಣು ಮುಚ್ಚಿದವಳನ್ನು ನಿನ್ನ ಪಾದದ ಬಳಿ ನೆಮ್ಮದಿಯಿಂದ ಇರಿಸಿಕೋ.