ದಂಡದ ಮೇಲೊಂದು ದಂಡ

ಮಾರ್ಚ್ 4
ಆಸ್ಪತ್ರೆಯಿಂದ ಲಾಂಡ್ರಿಗೆ ಗಾಡಿ ತುಂಬ ಚಾದರ ಬಂತು. ಬ್ಯಾಂಕಿನ ಪರದೆಗಳೂ ಬಂದವು. ಹೋದ ಸಲ ತೊಳೆದದ್ದರ ಬಿಲ್ಲಿನ ದುಡ್ಡೇ ಇನ್ನೂ ಕೊಟ್ಟಿಲ್ಲ ಮಹಾನುಭಾವರು. ಬಾಯ್ಲರ್ ಕೆಮ್ಮುತ್ತಿದೆ. ರಿಪೇರಿಯವನಿಗೆ ಚೆಕ್ ಬರೆದುಕೊಟ್ಟೆ, ಅರ್ಧ ದುಡ್ಡು ಈಗ, ಉಳಿದರ್ಧ ಕೆಲಸದ ದಿನ. ಅದೇ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ ಮಿತಿಯ ಅಂಚಿಗೆ ಬಂದಿದೆ. ಪರವಾಗಿಲ್ಲ, ಹೋಟೆಲಿಗೆ ಹೋಗಿ ನಮ್ಮ ಬಾಕಿಯ ಚೆಕ್ ತಂದಿದ್ದಾನೆ ತಮ್ಮ. ನಾಳೆ ಬ್ಯಾಂಕಿಗೆ ಕಟ್ಟಿದರಾಯಿತು.

ಮಾರ್ಚ್ 5
ಚೆಕ್ ಎಲ್ಲೋ ಎಂದರೆ ತಮ್ಮ ತಲೆ ಕೆರೆದುಕೊಳ್ಳುತ್ತಾನೆ. ನಿನ್ನೆ ಹಾಕಿದ್ದ ಅಂಗಿಯ ಜೇಬಿನಲ್ಲಿತ್ತಂತೆ. ಅಂಗಿ? ಒಗೆಯುವ ಡ್ರಮ್ಮಿನೊಳಗೆ! ಬಿಸಿನೀರು, ಸೋಡಾ, ಎಲ್ಲ ಸಂಸ್ಕಾರ ಮುಗಿದಿತ್ತು. ಗಿರಾಕಿಗಳ ಒಂದೊಂದು ಜೇಬನ್ನೂ ತಿರುವಿ ನೋಡಿಯೇ ಒಳಗೆ ಹಾಕುವ ನಾವು ನಮ್ಮ ಬಟ್ಟೆಯನ್ನು ಮಾತ್ರ ಹಾಗೇ ಎಸೆಯುತ್ತೇವೆ. ಬಾಯಿಗೆ ಬಂದಂತೆ ಬೈದೆ.
"ಇನ್ನೊಂದು ಬರೆಸ್ಕೊಂಡು ಬರ್ತೀನಿ ಬಿಡಕ್ಕ."
ಬರೆಯುವ ಹೋಟೆಲ್ ಧಣಿ ಊರಲ್ಲಿ ಇದ್ದರಲ್ಲವೆ? ತಿಂಗಳ ಕೊನೆಗೆ ಬರುತ್ತಾರಂತೆ.

ಮಾರ್ಚ್ 8
ರಿಪೇರಿಯವನ ಚೆಕ್ ಪಾಸಾಯಿತು. ಖಾತೆ ಮಿತಿ ಮೀರಿತು. ದಂಡ. ಮಧ್ಯಾಹ್ನ ಮತ್ತೆ ಮೆಸೇಜ್, ಇನ್ನೊಂದು ದಂಡ. ಇದೇಕೆ? ಮೊದಲನೆಯದನ್ನು ಕಳೆದದ್ದರಿಂದ ಮಿತಿ ಇನ್ನಷ್ಟು ಮೀರಿತಂತೆ. ಅಂದರೆ ಅವರೇ ಕೈ ಹಾಕಿ ತೆಗೆದುಕೊಂಡದ್ದಕ್ಕೂ ನಾನೇ ತೆರಬೇಕು... ಮೈಯೆಲ್ಲ ಉರಿದುಹೋಯಿತು.
ಬ್ಯಾಂಕಿಗೆ ಹೋದೆ. ಮ್ಯಾನೇಜರ್ ತಲೆ ಎತ್ತಲಿಲ್ಲ.
"ಸಿಸ್ಟಮ್ ಹಾಕಿದ್ದು ಮೇಡಂ. ನಮ್ ಕೈಯಲ್ಲಿ ಏನೂ ಇಲ್ಲ."
"ನಮ್ ಬಿಲ್ ಇದೆಯಲ್ಲ ಸಾರ್ ನಿಮ್ ಕೈಯಲ್ಲಿ?"
"ಅದು ಮೇಲಿನ ಆಫೀಸಲ್ಲಿ ಸ್ಯಾಂಕ್ಷನ್ ಆಗ್ಬೇಕು."
ಕೊಡುವುದಕ್ಕೆ ಸ್ಯಾಂಕ್ಷನ್. ಕಿತ್ತುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ದಾರಿಯುದ್ದಕ್ಕೂ ಶಪಿಸುತ್ತ ಬಂದೆ.

ಮಾರ್ಚ್ 11
ರಿಪೇರಿಯವನು ಬಾಯ್ಲರಿನಿಂದ ಬಿಚ್ಚಿ ಒಯ್ದಿದ್ದ ಬರ್ನರ್ ತಂದ. ಜೋಡಿಸಲಿಲ್ಲ. ಅದರ ಮೇಲೇ ಕೂತ.
"ಬೇಜಾರ್ ಮಾಡ್ಕೋಬೇಡಿ ಅಕ್ಕ. ಉಳಿದಿದ್ದು ಕ್ಯಾಶ್ ಕೊಡಿ, ಈಗ್ಲೇ ಕೈ ಹಾಕ್ತೀನಿ."
ಎಟಿಎಂ ಒಂದು ನೋಟೂ ಉಗುಳಲಿಲ್ಲ. ಅವನು ಬರ್ನರ್ ಹೊತ್ತುಕೊಂಡೇ ಹೋದ. ಹಬೆ ಇಲ್ಲದೆ ಚಾದರಗಳು ಒದ್ದೆ ಗುಡ್ಡೆಯಾಗಿ ಬಿದ್ದಿವೆ, ವಾಸನೆ ಹಿಡಿಯುತ್ತಿವೆ. ಹದಿನಾಲ್ಕಕ್ಕೆ ಆಸ್ಪತ್ರೆಯ ಗಾಡಿ ಬರುತ್ತದೆ. ಸಿದ್ಧ ಇರದಿದ್ದರೆ ಕಂಟ್ರಾಕ್ಟ್ ಬೇರೆಯವರಿಗೆ ಎಂದು ಅಲ್ಲಿನ ಸ್ಟೋರಿನವರು ಮುಖಕ್ಕೆ ಹೊಡೆದಂತೆ ಹೇಳಿದರು. ಅದು ಹೋದರೆ ಲಾಂಡ್ರಿಗೆ ಬೀಗವೇ. ತಮ್ಮನ ಜೊತೆ ಮಾತು ಬಿಟ್ಟಿದ್ದೇನೆ.

ಮಾರ್ಚ್ 12, ಸಂಜೆ
ಮ್ಯಾನೇಜರ್ ಖುದ್ದಾಗಿ ಬಂದ! ಬಾಯ್ಲರ್ ಕೆಡುವ ಮೊದಲೇ ಒಗೆದು ಮಡಿಸಿಟ್ಟ ಪರದೆಗಳು ಕಪಾಟಿನಲ್ಲಿದ್ದವು.
"ಪರದೆ ಕೊಟ್ಬಿಡಿ ಮೇಡಂ. ನಾಳೆ ದೊಡ್ಡ ಸಾಹೇಬ್ರು ಬರ್ತಾರೆ, ಕಿಟಕಿಗಳೆಲ್ಲ ಬೋಳು."
"ಎರಡು ಸಲದ ಬಿಲ್?"
"ನಿಮ್ ಖಾತೆಗೆ ಹಾಕಿಸ್ತೀನಿ."
"ಖಾತೆಗೆ ಹಾಕಿದ್ರೆ ನಿಮ್ ದಂಡಾನೇ ನುಂಗುತ್ತೆ. ಕ್ಯಾಶ್ ಕೊಡಿ."
"ಹಾಗೆಲ್ಲ ರೂಲ್ಸ್ ಇಲ್ಲ."
ಕಪಾಟಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ತಮ್ಮ ಹಿಂದಿನಿಂದ ಸೆರಗು ಜಗ್ಗಿದ. ಜಗ್ಗಲಿ.
ಮ್ಯಾನೇಜರ್ ಮುಖ ಕೆಂಪಾಯಿತು. ತನ್ನದೇ ಪರ್ಸ್ ತೆಗೆದು ನೋಟುಗಳನ್ನು ಮೇಜಿಗೆ ಬಡಿದ.
"ಇದನ್ನ ನಾನು ಮರೆಯಲ್ಲ ಮೇಡಂ."
"ರಸೀದಿ ಬರೆದುಕೊಡ್ತೀನಿ ಸಾರ್, ನೆನಪಿಗೆ."
ಅವನು ಪರದೆ ಹೊತ್ತು ಮೂಲೆ ತಿರುಗುವುದರೊಳಗೆ ತಮ್ಮ ದುಡ್ಡು ಹಿಡಿದು ರಿಪೇರಿಯವನಲ್ಲಿಗೆ ಓಡಿದ.

ಮಾರ್ಚ್ 13
ಹಬೆ ಬಂತು. ಚಾದರಗಳನ್ನು ಮತ್ತೆ ಒಗೆದೆವು. ತಮ್ಮ ಇಸ್ತ್ರಿ ಬಿಟ್ಟು ಕದಲಲಿಲ್ಲ. ಅವನಿಗೆ ಟೀ ಕೊಟ್ಟೆ. ಮಾತಾಡಿದೆ.

ಮಾರ್ಚ್ 14, ಬೆಳಿಗ್ಗೆ
ಬ್ಯಾಂಕಿನ ಜವಾನ ಲಕೋಟೆ ಕೊಟ್ಟುಹೋದ. ಖಾತೆ ಪದೇ ಪದೇ ಮಿತಿ ಮೀರಿದ್ದರಿಂದ ಓವರ್‌ಡ್ರಾಫ್ಟ್ ರದ್ದು. ಪೂರ್ತಿ ಸಾಲ ಈ ತಿಂಗಳೊಳಗೆ ತೀರಿಸಬೇಕು. ಕೆಳಗೆ ಮ್ಯಾನೇಜರನ ಸಹಿ. ಸಿಸ್ಟಮ್ಮಿನದಲ್ಲ, ಅವನದೇ, ಮಸಿ ಇನ್ನೂ ಹಸಿ.
"ಈಗೇನ್ಮಾಡೋದಕ್ಕ?"
ಕಾಗದ ಮುದುಡಿ ಎಸೆದೆ. ಸಿಟ್ಟಿಗೆ ಎಂದು ತಮ್ಮನಿಗೆ ಹೇಳಿದೆ. ಸುಳ್ಳು, ಹೆದರಿಕೆಗೆ. ಎಲ್ಲಿಂದ ತರಲಿ ಅಷ್ಟು? ಆ ದರಿದ್ರದವನ ಮುಂದೆ ಮಾತ್ರ ಕೈ ಜೋಡಿಸಲಾರೆ, ಲಾಂಡ್ರಿ ಮಾರಿದರೂ...
ಹಾರ್ನ್. ಆಸ್ಪತ್ರೆಯ ಗಾಡಿ. ಡ್ರೈವರ್ ಕೆಳಗಿಂದ ಕೂಗುತ್ತಿದ್ದಾನೆ, ಇನ್ನೂ ಹೆಚ್ಚು ಚಾದರ ತಂದಿದ್ದಾನಂತೆ, ಹಿಡಿಸುತ್ತದೋ ಎಂದು. ಹಿಡಿಸುತ್ತದೆ ಕಣಪ್ಪ, ಇಳಿಸು, ಬಂದೆ—