ಜಲ್ಲಿಯಲ್ಲಿ ಬಿತ್ತಿದ ಮೆಂತ್ಯ

ಅಚ್ಯುತ,

ನಿನಗೆ ‘ಪ್ರಿಯ’ ಅನ್ನೋದೊಂದು ಕೇಡು. ಇದನ್ನ ಕಳಿಸೋದಿಲ್ಲ, ಓದೋ ಯೋಗ್ಯತೆಯೂ ನಿನಗಿಲ್ಲ.

ಅಮೆರಿಕದ ಈ ಸನ್ನಿವೇಲ್ ಮನೆಯ ಹಿತ್ತಲನ್ನ ಜಪಾನೀ ತೋಟ ಮಾಡಿದೆಯಲ್ಲ, ಮೂರು ಬಂಡೆ, ಸುತ್ತ ಬಿಳಿ ಜಲ್ಲಿ, ಅದರ ಮೇಲೆ ಹಲ್ಲುಕುಂಟೆಯಂಥ ರೇಕಿನಲ್ಲಿ ಎಳೆದ ಗೆರೆ. ಜಲ್ಲಿ ನೀರಂತೆ, ಗೆರೆ ಅಲೆಯಂತೆ. ಒಂದು ಕರಿಬೇವಿನ ಗಿಡ ನೆಡ್ತೀನಿ ಅಂದ್ರೆ, “ಖಾಲಿ ಜಾಗವೇ ಇದರ ಜೀವ” ಅಂತ ನೀನು ಪಾಠ ಮಾಡ್ತಿದ್ದೆ. ಮಗುವಿನ ಮಾತೆತ್ತಿದಾಗಲೂ ನಿನಗೆ ಖಾಲಿಯೇ ಚೆಂದ.

ಮೊನ್ನೆ ಮಂಡ್ಯದಿಂದ ಅವ್ವ ಬಂದಿದ್ದಾಳೆ. ಇವತ್ತು ಬೆಳಿಗ್ಗೆ ನಾನು ಏಳೋದರೊಳಗೆ ಆ ಗೆರೆಯುದ್ದಕ್ಕೂ ಮೆಂತ್ಯ ಬಿತ್ತಿ ನೀರು ಹಾಕಿದ್ದಳು! “ಆ ಗೆರೆ ನಿನ್ನ ಅಳಿಯನ ಕೆಲಸ,” ಅಂದೆ ಅವಳಿಗೆ.

“ಇಷ್ಟು ಚೆಂದಾಗಿ ಸಾಲು ಹೊಡ್ದು ಬೀಜ ಹಾಕ್ದೆ ಹೋದ್ನಲ್ಲ, ಎಂಥ ಗಂಡ್ಸವ್ವ ಅವ್ನು?”

ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ. ನಿನ್ನನ್ನ ಇಷ್ಟು ಸರಿಯಾಗಿ ಯಾರೂ ಅಳೆದಿರಲಿಲ್ಲ.

ಆಮೇಲೆ ಅವ್ವ ಜಲ್ಲಿಯನ್ನೇ ನೋಡ್ತಾ ಕೇಳಿದಳು: “ಅವ್ನು ಬುಟ್ಟೋಗಿ ಎರಡು ವರ್ಸಾಯ್ತು. ಸಾಲು ಇನ್ನೂ ಹೊಸದಾಗೈತಲ್ಲ, ಯಾರು ಎಳೀತಾರೆ?”

“ಗಾರ್ಡನರು ಬರ್ತಾನೆ,” ಅಂದೆ, ಜಡ್ಡುಗಟ್ಟಿದ ಅಂಗೈ ಅವಳಿಗೆ ಕಾಣದ ಹಾಗೆ ಮುಚ್ಚಿಕೊಂಡು.